ಕುಡಿದ ಲೆಕ್ಕ



ಇಳಕಲ್ಲಿನ ಡಾ. ಮಹಾಂತ ಶಿವಯೋಗಿಗಳು 1975ರಲ್ಲಿ ಜೋಳಿಗೆ ಹಿಡಿದು ಹೊರಟಾಗ ಭಕ್ತರಲ್ಲಿ ಬೇಡಿದ್ದು ಜೋಳವನ್ನಲ್ಲ, ಹಣವನ್ನಲ್ಲ, ದುಶ್ಚಟಗಳನ್ನು. ಅದೇ ದಾರಿಯಲ್ಲಿ ನಾಳೆ ಬೆಳಿಗ್ಗೆ ನಮ್ಮ ಮಠದ ಜೋಳಿಗೆಯೂ ನಿಮ್ಮ ಓಣಿಗಳಿಗೆ ಬರಲಿದೆ. ಅದರಲ್ಲಿ ಕುಡಿತವನ್ನು ಹಾಕುವವರು ತಾವು ಎಷ್ಟು ಕುಡಿಯುತ್ತಿದ್ದೆವೆಂಬುದನ್ನು ಸರಿಯಾಗಿ ನೆನೆಯಬೇಕು. ಇಂದು ಅಷ್ಟನ್ನೇ ಹೇಳುತ್ತೇವೆ.

ಹೋದ ವರ್ಷ ಗೌಂಡಿ ಕಾಯಕದ ಭಕ್ತನೊಬ್ಬ ಬಂದ. ಎಷ್ಟು ಕುಡಿಯುತ್ತೀಯಪ್ಪಾ ಎಂದೆವು. “ವಾರಕ್ಕೊಮ್ಮೆರೀ ಅಪ್ಪಾರ, ಸಂತಿ ದಿನ ಒಂದು ಕ್ವಾರ್ಟರ್. ಹೆಚ್ಚಿಗಿ ಇಲ್ರೀ” ಎಂದ. ಹೆಂಡತಿ ಸೆರಗು ಬಾಯಿಗೆ ಒತ್ತಿಕೊಂಡು ಸುಮ್ಮನೆ ನಿಂತಿದ್ದಳು. ಇವನು ಸುಳ್ಳು ಹೇಳುತ್ತಾನೆಂದು ನಾವು ಬಗೆದೆವು. ಅದು ನಮ್ಮ ತಪ್ಪು. ಗೋಡೆಯ ಕ್ಯಾಲೆಂಡರ್ ಇಳಿಸಿ ಅವನ ಮುಂದಿಟ್ಟು ಹಿಂದಿನ ತಿಂಗಳನ್ನು ದಿನದಿನವಾಗಿ ಕೇಳಿದೆವು. ಸಂತೆ ನಾಲ್ಕು. ಶನಿವಾರದ ಬಟವಾಡೆ ನಾಲ್ಕು. ಅಮಾವಾಸ್ಯೆ ಒಂದು. ಮಳೆ ಹಿಡಿದು ಕೆಲಸ ನಿಂತ ದಿನ ಮೂರು. ಬೀಗರ ಮದುವೆ ಎರಡು ದಿನ, ಅಲ್ಲಿ ದಿನಕ್ಕೆ ಎರಡೆರಡು. ಒಟ್ಟು 16 ಕ್ವಾರ್ಟರ್, ಅಂದರೆ 2,880 ಎಂ.ಎಲ್. “ಇಷ್ಟು ಆತೇನ್ರೀ ಅಪ್ಪಾರ?” ಎಂದು ಅವನು ತಲೆಯ ಮೇಲೆ ಕೈಹೊತ್ತು ಕುಳಿತ. ಆ ಬೆರಗು ನಟನೆಯಲ್ಲ.

ಎಷ್ಟು ಎಂದು ಒಟ್ಟಾರೆ ಕೇಳಿದರೆ ಮನಸ್ಸು ರೂಢಿಯ ದಿನವನ್ನಷ್ಟೇ ಮುಂದಿಡುತ್ತದೆ. ಮದುವೆ, ಮಳೆ, ಜಗಳದ ದಿನಗಳು ಅದಕ್ಕೆ ಲೆಕ್ಕಕ್ಕಿಲ್ಲ. ನಾಚಿಕೆ ಒಂದಿಷ್ಟನ್ನು ಮುಚ್ಚುತ್ತದೆ, ಅಮಲು ಒಂದಿಷ್ಟನ್ನು ಅಳಿಸುತ್ತದೆ. ಸೋಬೆಲ್ ದಂಪತಿಗಳೆಂಬ ಮನಶ್ಶಾಸ್ತ್ರಜ್ಞರು ಹೀಗೆ ಕ್ಯಾಲೆಂಡರ್ ಹಿಡಿದು, ಹಬ್ಬಹುಣ್ಣಿಮೆಗಳ ಗುರುತಿನಿಂದ ಕೇಳುವ ಪದ್ಧತಿಯನ್ನೇ ರೂಪಿಸಿದ್ದಾರೆ.

ಇದು ನಮ್ಮ ಊರಿನವರ ಕಥೆಯೊಂದೇ ಅಲ್ಲ. ಅಮೇರಿಕೆಯ ಟೂಸಾನ್ ಪಟ್ಟಣದಲ್ಲಿ ವಿಲಿಯಂ ರಾಥ್‌ಜಿ ಎಂಬ ಪುರಾತತ್ತ್ವ ಪಂಡಿತರು 1973ರಿಂದ ಮನೆಗಳ ಕಸವನ್ನೇ ಬಿಡಿಸಿ ನೋಡಿದರು. ಜನ ಹೇಳಿದ ಬಿಯರಿಗಿಂತ ಕಸದಲ್ಲಿ ಸಿಕ್ಕ ಡಬ್ಬಿಗಳು ಬಹಳ ಹೆಚ್ಚಿದ್ದವು. ಅನೇಕ ದೇಶಗಳಲ್ಲಿ ಕುಡಿಯುವವರು ಹೇಳಿದ್ದನ್ನೆಲ್ಲ ಕೂಡಿಸಿದರೂ ಅಂಗಡಿಗಳಲ್ಲಿ ಮಾರಾಟವಾದಷ್ಟು ಆಗುವುದಿಲ್ಲ. ನಮ್ಮ ಶರಣರಲ್ಲಿ ಹೆಂಡದ ಮಾರಯ್ಯನಿದ್ದ. ಮಾರುವುದು ಅವನ ಕಾಯಕ. ಮಾರುವವನಿಗೆ ಅಳತೆ ಗೊತ್ತಿರುತ್ತದೆ, ಕುಡಿಯುವವನಿಗೆ ಇರುವುದಿಲ್ಲ.

ಇಷ್ಟೇಕೆ ಹೇಳುತ್ತೇವೆಂದರೆ, ನಿತ್ಯವೂ ವಿಪರೀತ ಕುಡಿಯುವವನು ಒಮ್ಮೆಲೇ ಬಿಟ್ಟರೆ ಎರಡು ಮೂರು ದಿನಗಳಲ್ಲಿ ಕೈ ನಡುಗಬಹುದು, ಫಿಟ್ಸ್ ಬರಬಹುದು, ಇಲ್ಲದ್ದು ಕಣ್ಣಿಗೆ ಕಾಣಬಹುದು, ಪ್ರಾಣವೇ ಹೋದದ್ದುಂಟು. ಔಷಧ ಕೊಟ್ಟು ಇದನ್ನು ತಡೆಯಬಹುದು. ಆದರೆ ನೀವು “ಸ್ವಲ್ಪ” ಎಂದರೆ ಡಾಕ್ಟರರು ಸ್ವಲ್ಪಕ್ಕೇ ಔಷಧ ಕೊಟ್ಟಾರು. ಅಪ್ಪಗಳ ಜೋಳಿಗೆಗೆ ಹಾಕಿದ್ದೇವೆ, ಇನ್ನು ಡಾಕ್ಟರರೇಕೆ ಎನ್ನಬೇಡಿ. ಜೋಳಿಗೆ ಹಿಡಿಯುವ ನಾವೇ ಹೇಳುತ್ತಿದ್ದೇವೆ.

ನಾಳೆ ಸಂಜೆ ಪ್ರಸಾದವಾದ ಮೇಲೆ ದಾಸೋಹ ಮಂಟಪದಲ್ಲಿ ಡಾಕ್ಟರರು ಕುಳಿತಿರುತ್ತಾರೆ. ಮನೆಯ ಕ್ಯಾಲೆಂಡರ್ ತನ್ನಿ. ಇಂದು ರಾತ್ರಿ ಗಂಡಹೆಂಡಿರು ಕೂಡಿಯೇ ಗುರುತು ಹಾಕಿರಿ. ತಾಯಂದಿರೇ, ಎಣಿಸುವಾಗ ಮಾತ್ರ ಬೈಯಬೇಡಿ; ಬೈದರೆ ಹದಿನಾರು ಮತ್ತೆ ನಾಲ್ಕಕ್ಕೆ ಇಳಿಯುತ್ತದೆ.