ಬೆಂದ ಕಾಳು ಮತ್ತು ಒಂದು ‘ಅಂತೆ’

ಮಕ್ಕಳಿಗೆ ಇತಿಹಾಸ ಬರೆಯುವುದರ ಬಗ್ಗೆ ಮಾತಾಡಿ ಅಂದಿದ್ದೀರಿ. ಕ್ರಮವಾಗಿ ಹೋಗುವುದಾದರೆ ಕಾರಂತರು 1936ರಲ್ಲಿ ತಂದ ‘ಬಾಲ ಪ್ರಪಂಚ’, ನಿರಂಜನರ ‘ಜ್ಞಾನ ಗಂಗೋತ್ರಿ’ಯ ಏಳು ಸಂಪುಟ, ಎಲ್.ಎಸ್. ಶೇಷಗಿರಿರಾಯರು ಸಂಪಾದಿಸಿದ ‘ಭಾರತ-ಭಾರತಿ’ಯ ಪುಟ್ಟ ಪುಸ್ತಕಗಳು, ಹೀಗೆ ಬರಬೇಕು. ಆದರೆ ಇಲ್ಲಿ ಕೂತವರಲ್ಲಿ ಮುಕ್ಕಾಲು ಮಂದಿ ಅವನ್ನು ಓದಿಯೇ ಬೆಳೆದವರು. ಹಾಗಾಗಿ ನನ್ನ ಪಾಲಿನ ಹೊತ್ತನ್ನು ಒಂದು ಬಟ್ಟಲು ಬೆಂದ ಕಾಳಿಗೆ ಖರ್ಚು ಮಾಡುತ್ತೇನೆ, ಕ್ಷಮಿಸಿ.

ಕಥೆ ನಿಮಗೆ ಗೊತ್ತು. ವೀರಬಲ್ಲಾಳ ಬೇಟೆಗೆ ಹೋಗಿ ದಾರಿ ತಪ್ಪಿದ, ಅಜ್ಜಿಯೊಬ್ಬಳು ಬೇಯಿಸಿದ ಕಾಳು ಕೊಟ್ಟಳು, ಊರು ಬೆಂದಕಾಳೂರಾಯಿತು. ನನ್ನ ಮೊದಲ ಪುಸ್ತಕದಲ್ಲಿ ನಾನೂ ಇದನ್ನು ಹೀಗೇ ಬರೆದೆ, ಪಕ್ಕದಲ್ಲೇ ನಿಂತು ನೋಡಿದವನ ಹಾಗೆ. ಚಿತ್ರ ಬರೆದವರು ಬಟ್ಟಲಿನಿಂದ ಹಬೆ ಕೂಡ ಏಳಿಸಿದರು. ಎರಡು ಪುಟ ಬಿಟ್ಟು ಬೇಗೂರಿನ ಶಾಸನದ ಫೋಟೊ ಹಾಕಿದ್ದೆ. ಒಂದು ಶಾಲೆಯಲ್ಲಿ ಆರನೇ ಕ್ಲಾಸಿನ ಹುಡುಗಿ ಎದ್ದು ಕೇಳಿದಳು: “ಸರ್, ಕಾಳು ಬೇಯೋಕ್ಕೆ ಮುಂಚೇನೇ ಬೆಂಗಳೂರಲ್ಲಿ ಜಗಳ ಆಗಿತ್ತಾ?”

ಆಗಿತ್ತು. ಬೇಗೂರಿನ ನಾಗೇಶ್ವರ ದೇವಸ್ಥಾನದ ಆವರಣದಲ್ಲಿರುವ ಆ ಕಲ್ಲು ಸುಮಾರು ಕ್ರಿ.ಶ. 890ರದ್ದು. ಗಂಗರ ಕಾಲದ ನಾಗತ್ತರನ ಕಡೆಯ ಬುಟ್ಟಣ ಎಂಬವನು ‘ಬೆಂಗಳೂರ ಕಾಳೆಗ’ದಲ್ಲಿ ಸತ್ತ ಎಂಬ ಸುದ್ದಿ ಅದರಲ್ಲಿದೆ. ಇಮ್ಮಡಿ ವೀರಬಲ್ಲಾಳ ಪಟ್ಟಕ್ಕೆ ಬಂದದ್ದು 1173ರಲ್ಲಿ. ಅಜ್ಜಿ ಒಲೆ ಹಚ್ಚುವ ಹೊತ್ತಿಗೆ ಊರಿಗೆ ಹೆಸರು ಬಿದ್ದು ಹತ್ತಿರ ಹತ್ತಿರ ಮುನ್ನೂರು ವರ್ಷ. ಎರಡೂ ಸಂಗತಿಯನ್ನು ಒಂದೇ ಪುಸ್ತಕದಲ್ಲಿ ಬರೆದ ನನಗೆ ಇದು ಹೊಳೆದಿರಲಿಲ್ಲ. ನಲವತ್ತು ಮಕ್ಕಳ ಎದುರು ನಾನು ನೀರು ಕುಡಿದೆ.

ಬಸ್ಸಿನಲ್ಲಿ ವಾಪಸು ಬರುವಾಗ ನೆನಪಾದವರು ನಮ್ಮ ಹೈಸ್ಕೂಲಿನ ಕನ್ನಡ ಮೇಷ್ಟ್ರು. ನಮ್ಮೂರ ಕೆರೆ ಏರಿಯ ಕೆಳಗೆ ಒಂದು ವೀರಗಲ್ಲಿತ್ತು, ಹೆಂಗಸರು ಅದರ ಪಕ್ಕ ಬಟ್ಟೆ ಒಗೆಯುತ್ತಿದ್ದರು. ಮೇಷ್ಟ್ರು ಡಸ್ಟರಿನಲ್ಲಿ ಉಳಿದ ಸೀಮೆಸುಣ್ಣದ ಪುಡಿಯನ್ನು ಪೊಟ್ಟಣ ಕಟ್ಟಿಕೊಂಡು ಬಂದು ಕಲ್ಲಿಗೆ ಉಜ್ಜಿದರು. ಸವೆದ ಗೆರೆಗಳು ಬಿಳಿಯಾಗಿ ಎದ್ದವು. ಕೆಳಗಿನ ಪಟ್ಟಿಕೆಯ ಮೇಲೆ ಬೆರಳಿಟ್ಟು “ಇಲ್ಲಿ ತುರು ಹಿಡಿದರು, ಇವನು ಅಡ್ಡ ಬಂದ, ಸತ್ತ” ಅಂದರು. ಬೆರಳು ನಡುವಿನ ಪಟ್ಟಿಕೆಗೆ ಏರಿತು. “ಅಪ್ಸರೆಯರು ಎತ್ತಿಕೊಂಡು ಹೋದರಂತೆ.” ಇನ್ನೂ ಮೇಲಕ್ಕೆ. “ಶಿವನ ಹತ್ತಿರ ಕೂತನಂತೆ.” ಹುಬ್ಬು ಏರಿಸಲಿಲ್ಲ, ಗೇಲಿ ಮಾಡಲಿಲ್ಲ. ಒಂದು ‘ಅಂತೆ’ ಸೇರಿಸಿದರು, ಅಷ್ಟೆ.

ನನ್ನ ವಾದವೆಲ್ಲ ಈ ‘ಅಂತೆ’ಯದು. ಅಜ್ಜಿಯರು ಕಥೆ ಹೇಳುವಾಗ “ಒಬ್ಬ ರಾಜ ಇದ್ದನಂತೆ” ಎನ್ನುತ್ತಾರೆ. ನಾನು ಕಂಡದ್ದಲ್ಲ, ಕೇಳಿದ್ದು ಎಂಬುದು ಆ ಒಂದು ಪ್ರತ್ಯಯದಲ್ಲಿ ಬಂತು. ಅದೇ ಕಥೆ ಪುಸ್ತಕಕ್ಕೆ ಏರಿದ ಕೂಡಲೇ “ರಾಜನಿದ್ದನು” ಆಗುತ್ತದೆ. ಯಾವ ಆಧಾರವೂ ಹೊಸದಾಗಿ ಸಿಕ್ಕಿರುವುದಿಲ್ಲ, ಅಚ್ಚಿನ ಶಾಯಿ ಸಿಕ್ಕಿದೆ ಅಷ್ಟೆ. ಎರಡನೇ ಮುದ್ರಣಕ್ಕೆ ನಾನು ಅಜ್ಜಿಯನ್ನು ತೆಗೆಯಲಿಲ್ಲ. ಅವಳಿಗೆ ‘ಅಂತೆ’ ಕೊಟ್ಟೆ, ಬುಟ್ಟಣನಿಗೆ ‘ಸತ್ತ’ ಕೊಟ್ಟೆ. ಕರಡು ತಿದ್ದಿದವರು ಹದಿನೇಳು ಕಡೆ ಕೆಂಪು ಗೀರೆಳೆದು ಕಳಿಸಿದರು: “ಸರ್, ಇದು ಇತಿಹಾಸವೋ ಅಂತೆ-ಕಂತೆಗಳ ಸಂತೆಯೋ? ಪರೀಕ್ಷೆಯಲ್ಲಿ ಮಕ್ಕಳು ಏನು ಬರೀಬೇಕು?” ನಾನು ಹದಿನೇಳನ್ನೂ ವಾಪಸು ಹಾಕಿದೆ. ಅವರೂ ಹಟದವರು, ಆರು ತೆಗೆದರು. ಪುಸ್ತಕ ಹನ್ನೊಂದು ‘ಅಂತೆ’ಗಳೊಂದಿಗೆ ಬಂದಿದೆ. ಬೇಕಾದರೆ ಎಣಿಸಿ.

ಗೆದ್ದೆ ಅಂದುಕೊಂಡಿರಾ? ಮುಂದಿನ ಸಲ ಶಾಲೆಯಲ್ಲಿ, ಪುಸ್ತಕದಲ್ಲಿ ಇಷ್ಟವಾದದ್ದನ್ನು ಬಿಡಿಸಿ ಅಂದೆ. ಹಾಳೆ ಹಾಳೆಯಲ್ಲೂ ಅಜ್ಜಿ, ಬಟ್ಟಲು, ಹಬೆ. ಬುಟ್ಟಣನನ್ನು ಯಾರೂ ಬಿಡಿಸಲಿಲ್ಲ. ಹೇಗೆ ಬಿಡಿಸಿಯಾರು? ಅವನ ಬಗ್ಗೆ ಕಲ್ಲು ಹೇಳುವುದು ಒಂದು ಸಾವು ಮಾತ್ರ. ಆ ಕಾಲದ ಕಾಳೆಗ ಹೇಗಿತ್ತೆಂದು ನೋಡಲು ಕಸ್ತೂರ್ಬಾ ರಸ್ತೆಯ ಮ್ಯೂಸಿಯಮ್ಮಿಗೆ ಹೋಗಬಹುದು. ಬೇಗೂರಿನಿಂದಲೇ ತಂದ ದೊಡ್ಡ ಕಲ್ಲು ಅಲ್ಲಿದೆ. ತುಂಬೆಪಾಡಿಯಲ್ಲಿ ನಾಗತ್ತರ ಬಿದ್ದ ಕದನ ಅದು, ಕಲ್ಲಿನ ತುಂಬ ಆನೆ, ಕುದುರೆ, ಆಳು. ಅಲ್ಲೂ ಬುಟ್ಟಣನ ಮುಖ ನಿಮಗೆ ಸಿಗುವುದಿಲ್ಲ.

ಅದಕ್ಕೇ ಒಂದು ರಾತ್ರಿ ಕೂತು ನಾಲ್ಕು ಪುಟ ಬರೆದೆ. ಬುಟ್ಟಣ ಬಾಗಿಲಲ್ಲಿ ಬಗ್ಗಿ ಕೆರ ಮೆಟ್ಟುತ್ತಾನೆ, ತಾಯಿ ಬುತ್ತಿ ಕಟ್ಟಿಕೊಡುತ್ತಾಳೆ, “ಕತ್ತಲಾಗೋದರೊಳಗೆ ಬಾ” ಅನ್ನುತ್ತಾಳೆ. ನನ್ನ ಮಗಳು ಓದಿ ಅತ್ತಳು. ಆದರೆ ಇದಕ್ಕೆ ಯಾವ ಪ್ರತ್ಯಯ ಹಚ್ಚಲಿ? ‘ಅಂದಳು’ ಎಂದರೆ ಸುಳ್ಳು. ‘ಅಂದಳಂತೆ’ ಎಂದರೆ ಅದಕ್ಕಿಂತ ದೊಡ್ಡ ಸುಳ್ಳು. ‘ಅಂತೆ’ ಅನ್ನಬೇಕಾದರೆ ಯಾರಾದರೂ ಒಬ್ಬರು ಹೇಳಿರಬೇಕು, ಬುಟ್ಟಣನ ತಾಯಿಯ ಮಾತನ್ನು ನನಗಿಂತ ಮೊದಲು ಯಾರೂ ಹೇಳಿಲ್ಲ. ‘ಅಂದಿರಬಹುದು’ ಅಂದರೆ ನಾಲ್ಕು ಪುಟದಲ್ಲಿ ಐವತ್ತು ‘ಬಹುದು’, ಮಗು ಪುಸ್ತಕ ಮಡಿಸಿಡುತ್ತದೆ.

ಇನ್ನೊಂದು, ಇದನ್ನು ಮೇಷ್ಟ್ರನ್ನೇ ಕೇಳಬೇಕಿತ್ತು, ಈಗ ಅವರಿಲ್ಲ. ಕೆಳಗಿನ ಪಟ್ಟಿಕೆಗೆ ಅವರು ‘ಅಂತೆ’ ಹಚ್ಚಲಿಲ್ಲವಲ್ಲ, ಯಾಕೆ? ಆ ಕಲ್ಲು ನಿಲ್ಲಿಸಿದವರೂ ಸತ್ತವನ ಕಡೆಯವರೇ. ಅವನು ಅಡ್ಡ ಬಂದನೋ, ಓಡುವಾಗ ಬೆನ್ನಿಗೆ ಬಾಣ ಬಿತ್ತೋ, ಕಲ್ಲು ಕೊರೆದವನು ಅದನ್ನು ಕಣ್ಣಾರೆ ಕಂಡಿದ್ದನೇ? ಅಲ್ಲಿಗೂ ‘ಅಂತೆ’ ಹಚ್ಚಿದರೆ, ಹನ್ನೊಂದು ವರ್ಷದ ಮಗುವಿನ ಕಾಲ ಕೆಳಗೆ ನಾನು ಉಳಿಸುವ ನೆಲ ಎಷ್ಟು?

ಮೂರನೇ ಮುದ್ರಣದ ಕರಡು ಬಂದಿದೆ. ನಾಲ್ಕು ಪುಟ ಇನ್ನೂ ಮೇಜಿನ ಡ್ರಾಯರಿನಲ್ಲಿವೆ. ನೀವಾಗಿದ್ದರೆ ಸೇರಿಸುತ್ತಿದ್ದಿರಾ?