ಮಠವಿಲ್ಲದ ಪೀಠಾಧಿಪತಿ

ಮಠಕ್ಕೆ ಹೊಸ ಸ್ವಾಮಿಗಳು ಬಂದರೆ ಊರಿನ ಕಣ್ಣೆಲ್ಲ ಅವರ ಮೇಲೆ. ಯಾರ ಮಾತು ಕೇಳುತ್ತಾರೆ, ಯಾವ ಕಟ್ಟಳೆ ಬಿಗಿ ಮಾಡುತ್ತಾರೆ ಎಂದು ಭಕ್ತರು ಗಮನಿಸುತ್ತಲೇ ಇರುತ್ತಾರೆ. ಆದರೆ ಪಟ್ಟ ಇದ್ದು ಮಠವೇ ಇಲ್ಲದವರು ತಮ್ಮ ಮಾತು ನಡೆಸುವುದು ಹೇಗೆ? ಪಿರಿಯಾಪಟ್ಟಣ ತಾಲ್ಲೂಕಿನ ಬೈಲಕುಪ್ಪೆಯ ಚರಿತ್ರೆಯಲ್ಲಿ ಇದಕ್ಕೆ ಉತ್ತರವಿದೆ.

ಪೆನೋರ್ ರಿಂಪೋಚೆ ಹುಟ್ಟಿದ್ದು 1932ರಲ್ಲಿ, ಟಿಬೆಟ್‌ನ ಖಾಮ್ ಸೀಮೆಯಲ್ಲಿ. ಹಿಂದಿನ ಗುರುವಿನ ಪುನರವತಾರವೆಂದು ಎಳವೆಯಲ್ಲೇ ಅವರನ್ನು ಗುರುತಿಸಿದರು. ಟಿಬೆಟನ್ ಬೌದ್ಧ ಧರ್ಮದ ನ್ಯಿಂಗ್ಮಾ ಪಂಥಕ್ಕೆ ಸೇರಿದ ಪಾಲ್ಯುಲ್ ಮಠದ 11ನೇ ಪೀಠಾಧಿಪತಿ ಅವರು. 1959ರಲ್ಲಿ ತಾಯ್ನೆಲ ಬಿಟ್ಟಾಗ ಜೊತೆಗೆ ಸುಮಾರು 300 ಜನರಿದ್ದರು. ಭಾರತದ ಗಡಿ ಮುಟ್ಟಿದವರು ಸುಮಾರು 30 ಮಂದಿ ಮಾತ್ರ.

ಬೈಲಕುಪ್ಪೆಯಲ್ಲಿ ಅಂದಿನ ಮೈಸೂರು ರಾಜ್ಯ ಕೊಟ್ಟ ನೆಲದಲ್ಲಿ ಆಗಷ್ಟೇ ಟಿಬೆಟನ್ ನಿರಾಶ್ರಿತರ ಕ್ಯಾಂಪ್ ತಲೆಯೆತ್ತಿತ್ತು. ಸುತ್ತ ಕಾಡು, ಆನೆಗಳ ಕಾಟ. 1963ರಲ್ಲಿ ರಿಂಪೋಚೆ ಅಲ್ಲಿ ಬಿದಿರಿನ ಪುಟ್ಟ ಗುಡಿ ಎತ್ತಿದರು. ಕೈಯಲ್ಲಿದ್ದದ್ದು 300 ರೂಪಾಯಿ ಎನ್ನುತ್ತದೆ ಮಠದ ಚರಿತ್ರೆ. ಮುಂದೆ ಗೋಡೆ ಕಟ್ಟುವಾಗ ಬೆರಳೆಣಿಕೆಯ ಭಿಕ್ಷುಗಳ ಜೊತೆ ತಾವೂ ಇಟ್ಟಿಗೆ ಹೊತ್ತರು. ನಮ್ಡ್ರೋಲಿಂಗ್ ಮಠ ಆರಂಭವಾದದ್ದು ಹೀಗೆ.

ಗೋಡೆ ಏಳುತ್ತಿದ್ದಂತೆ ಶಿಸ್ತೂ ಬಂತು. ಭಿಕ್ಷುಗಳೆಲ್ಲ ಒಟ್ಟಿಗೆ ಕೂತು ತಪ್ಪು ಒಪ್ಪಿಕೊಂಡು ವ್ರತ ಶುದ್ಧಿ ಮಾಡಿಕೊಳ್ಳುವ ಸೋಜೋಂಗ್, ನಮ್ಮ ಚಾತುರ್ಮಾಸ್ಯವನ್ನು ನೆನಪಿಸುವ ಮಳೆಗಾಲದ ಯಾರ್ನೆ, ಇವುಗಳನ್ನು ರಿಂಪೋಚೆ ಸಡಿಲ ಬಿಡಲಿಲ್ಲ. ನಿರಾಶ್ರಿತರೆಂಬ ಕಾರಣಕ್ಕೆ ವಿನಯ ಎಂಬ ಭಿಕ್ಷು ನಿಯಮಗಳಲ್ಲಿ ರಿಯಾಯಿತಿ ಇರಲಿಲ್ಲ. 1978ರಲ್ಲಿ ಉನ್ನತ ವ್ಯಾಸಂಗದ ಶಾಲೆ ಶುರುವಾಯಿತು.

ಪುನರವತಾರವೆಂದು ಗುರುತಿಸಿ ಪೀಠಕ್ಕೆ ಕೂರಿಸುವುದು ಆಸುಪಾಸಿನ ಎಲ್ಲ ಮಠಗಳ ಪದ್ಧತಿಯಲ್ಲ. ಬೈಲಕುಪ್ಪೆಯ ಸೆರಾ, ಹುಣಸೂರು ತಾಲ್ಲೂಕಿನ ಗುರುಪುರದ ಗ್ಯುಮೆ ಇವು ಗೆಲುಗ್ ಪಂಥದವು. ಅಲ್ಲಿ ದೀರ್ಘಕಾಲ ಓದಿದ ಹಿರಿಯರು ನಿಗದಿತ ಅವಧಿಗೆ ಮುಖ್ಯಸ್ಥರಾಗುತ್ತಾರೆ. ಅವರಿಗೆ ಅಧಿಕಾರ ಬರುವುದು ಪಾಂಡಿತ್ಯದಿಂದ. ರಿಂಪೋಚೆಗೆ ಪಟ್ಟ ಪರಂಪರೆಯಿಂದ ಬಂದಿತ್ತು, ಅದರ ಬೆಲೆಯನ್ನು ಬೈಲಕುಪ್ಪೆಯ ಮಣ್ಣಿನಲ್ಲಿ ಬೆವರು ಹರಿಸಿ ಉಳಿಸಿಕೊಂಡರು.

1993ರಲ್ಲಿ ಅವರು ಇಡೀ ನ್ಯಿಂಗ್ಮಾ ಪಂಥದ ಮುಖ್ಯಸ್ಥರಾದರು. ಅದೇ ವರ್ಷ ಭಿಕ್ಷುಣಿಯರಿಗಾಗಿ ಪ್ರತ್ಯೇಕ ಮಠ ಸ್ಥಾಪಿಸಿದರು. 1999ರಲ್ಲಿ ನಮ್ಡ್ರೋಲಿಂಗ್ ಮಠದಲ್ಲಿ, ನಾವೆಲ್ಲ ಗೋಲ್ಡನ್ ಟೆಂಪಲ್ ಎನ್ನುವ ಮಂದಿರ ಉದ್ಘಾಟನೆಯಾಯಿತು. 2009ರ ಮಾರ್ಚ್ 27ರಂದು ರಿಂಪೋಚೆ ತೀರಿಕೊಂಡರು.

ಗೋಲ್ಡನ್ ಟೆಂಪಲ್‌ಗೆ ಹೋಗುವವರು ಬುದ್ಧನ ದೊಡ್ಡ ವಿಗ್ರಹದ ಫೋಟೋ ತೆಗೆದು ಬಸ್ ಹತ್ತಿಬಿಡಬೇಡಿ. ಅದು ಇಂದಿಗೂ ಪಾಠ, ಪೂಜೆ ನಡೆಯುವ ಮಠ. ಮೊಬೈಲ್ ಒಳಗಿಟ್ಟು, ಪ್ರಾರ್ಥನೆ ಮುಗಿಯುವ ತನಕ ಸುಮ್ಮನೆ ಕೂತು ಬನ್ನಿ.