ಹೊಲಕ್ಕೆ ಮಿತ ನೀರು, ಹೊಳೆಗೆ ಕಡಮೆ ಉಪ್ಪು

(ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ ಮತ್ತು ಹರಪನಹಳ್ಳಿ ತಾಲ್ಲೂಕುಗಳ ರೈತರನ್ನು ಕುರಿತು ಮಾಡಿದ ಭಾಷಣ)



ಮಳೆ ಕಡಮೆಯಾದ ಈ ಸೀಮೆಯಲ್ಲಿ ನೀರು ಹೆಚ್ಚಾದುದರಿಂದ ಆಗುವ ಕೇಡನ್ನು ಕುರಿತು ಮಾತನಾಡುವುದು ತಮಗೆ ವಿಚಿತ್ರವಾಗಿ ತೋರಬಹುದು. ಆದರೆ ಮಣ್ಣಿನ ಉಪ್ಪನ್ನು ತೊಳೆದುಹಾಕುವಷ್ಟು ಮಳೆ ಬೀಳದ ಕಡೆಯಲ್ಲಿಯೇ ಈ ಎಚ್ಚರಿಕೆ ಹೆಚ್ಚು ಅವಶ್ಯಕವಾದುದು.

ಬಾವಿಯ ನೀರಾಗಲಿ ಕಾಲುವೆಯ ನೀರಾಗಲಿ ಉಪ್ಪಿಲ್ಲದ ನೀರೆಂಬುದಿಲ್ಲ. ಲೀಟರಿಗೆ ಅರ್ಧ ಗ್ರಾಂ ಉಪ್ಪಿದ್ದರೆ ನಾಲಗೆಗೆ ತಿಳಿಯದು. ಒಂದು ಎಕರೆಗೆ ಒಂದು ಅಂಗುಲ ನೀರು ಕಟ್ಟಿದರೆ ಸುಮಾರು 1 ಲಕ್ಷ ಲೀಟರಾಗುತ್ತದೆ. ಅದರೊಡನೆ 50 ಕಿಲೋ ಉಪ್ಪು ಹೊಲವನ್ನು ಸೇರುತ್ತದೆ. ಒಂದು ಪೈರಿಗೆ 24 ಅಂಗುಲ ಕೊಟ್ಟರೆ 1,200 ಕಿಲೋ, ಅಂದರೆ 50 ಕಿಲೋ ತೂಕದ 24 ಚೀಲ. ಪೈರು ನೀರನ್ನು ಹೀರುತ್ತದೆ, ಬಿಸಿಲು ನೀರನ್ನು ಆರಿಸುತ್ತದೆ. ಉಪ್ಪಿನ ಬಹುಭಾಗ ನೆಲದಲ್ಲಿಯೇ ಉಳಿಯುತ್ತದೆ.

ಇದಕ್ಕೆ ನಿದರ್ಶನವನ್ನು ದೂರ ಹುಡುಕಬೇಕಾಗಿಲ್ಲ. ತುಂಗಭದ್ರಾ ಜಲಾಶಯದಿಂದ 1953ರಲ್ಲಿ ಕಾಲುವೆಗೆ ನೀರು ಬಂದಿತು. ಎಡದಂಡೆಯ ಬಹುಭಾಗವನ್ನು ಜೋಳ, ಹತ್ತಿ ಮುಂತಾದ ಮಿತ ನೀರಿನ ಪೈರುಗಳಿಗೆಂದು ಗೊತ್ತುಮಾಡಲಾಗಿತ್ತು. ಆದರೆ ಗಂಗಾವತಿ, ಸಿಂಧನೂರು ಕಡೆಗಳಲ್ಲಿ ಬತ್ತದ ಬೇಸಾಯ ಹಬ್ಬಿತು. ಎರೆಭೂಮಿಯಲ್ಲಿ ನೀರು ನಿಂತು, ಒಳನೀರು ಮೇಲೇರಿ, ತನ್ನೊಡನೆ ಉಪ್ಪನ್ನೂ ತಂದಿತು. ಸಾವಿರಾರು ಎಕರೆ ಸವಳು-ಜವಳಾಯಿತು. ಕಾಲುವೆಯ ಕೊನೆಯ ರೈತರಿಗೆ ನೀರೇ ಸಾಲದೆ ಹೋಯಿತು. ಸವಳು ಭೂಮಿಯ ಸುಧಾರಣೆಯು ಗಂಗಾವತಿಯ ಕೃಷಿ ಸಂಶೋಧನಾ ಕೇಂದ್ರದ ಮುಖ್ಯ ಕೆಲಸಗಳಲ್ಲೊಂದಾಗಿದೆ.

ಸಿಂಗಟಾಲೂರು ಏತ ನೀರಾವರಿಯಿಂದ ಹಡಗಲಿಯ ಕಡೆಗೂ ನೀರು ಬಂದಿರುವುದರಿಂದ ಈ ಪಾಠವನ್ನು ನಾವು ಮರೆಯಕೂಡದು.

ಬಸಿಗಾಲುವೆ ತೋಡಿ ಉಪ್ಪನ್ನು ಹೊರಗೆ ಕಳುಹಿಸಿದರಾಯಿತೆಂದು ಕೆಲವರು ಹೇಳುವರು. ಜವಳಾದ ಭೂಮಿಗೆ ಬಸಿಗಾಲುವೆ ಬೇಕೇ ಬೇಕು. ಆದರೆ ಹೊರಗೆ ಹೋದ ಉಪ್ಪು ಎಲ್ಲಿ ಸೇರುತ್ತದೆ? ಹಳ್ಳಕ್ಕೆ, ಹಳ್ಳದಿಂದ ಚಿಕ್ಕಹಗರಿಗೆ, ಅಲ್ಲಿಂದ ತುಂಗಭದ್ರೆಗೆ. ಅದೇ ನೀರನ್ನು ಕೆಳಗಿನ ಊರಿನವರು ಕುಡಿಯುತ್ತಾರೆ, ಹೊಲಕ್ಕೂ ಹಾಯಿಸುತ್ತಾರೆ. ನಮ್ಮ ಹೊಲದ ಕಸವನ್ನು ನೆರೆಯವನ ಕಣಕ್ಕೆ ಗುಡಿಸಿದರೆ ಊರು ಒಪ್ಪೀತೇ? ಆದುದರಿಂದ ಬಸಿಯುವ ನೀರನ್ನೇ ಕಡಮೆ ಮಾಡುವುದು ಮೊದಲ ಕೆಲಸ. ಹೆಚ್ಚು ನೀರು ಇಳಿಯದಿದ್ದರೆ ನೆಲದಾಳದಲ್ಲಿರುವ ಹಳೆಯ ಉಪ್ಪೂ ಕದಲದೆ ಅಲ್ಲಿಯೇ ಇರುತ್ತದೆ.

ಇದಕ್ಕೆ ಮಾಡತಕ್ಕ ಕ್ರಮಗಳನ್ನು ಅರಿಕೆ ಮಾಡುತ್ತೇನೆ.

1. ಹತ್ತಿರದ ರೈತ ಸಂಪರ್ಕ ಕೇಂದ್ರದಲ್ಲಿ ವಿಚಾರಿಸಿ, ಮಣ್ಣನ್ನೂ ಕೊಳವೆಬಾವಿಯ ನೀರನ್ನೂ ಪರೀಕ್ಷೆ ಮಾಡಿಸಿರಿ. ಜಿಪ್ಸಂ ಕ್ಷಾರಭೂಮಿಗೆ ಮದ್ದು. ಪರೀಕ್ಷೆಯಿಲ್ಲದೆ ಹಾಕಿದರೆ ಹಣವೂ ವ್ಯರ್ಥ, ಉಪ್ಪೂ ಹೆಚ್ಚು.

2. ಹೊಲವನ್ನು ಸಮಮಾಡಿ, ಉದ್ದ ಮಡಿಗಳ ಬದಲು ಚಿಕ್ಕ ಮಡಿಗಳನ್ನು ಕಟ್ಟಿರಿ. ಸಾಲಿನ ಪೈರಿಗೆ ಒಂದು ಸಾಲು ಬಿಟ್ಟು ಒಂದು ಸಾಲಿಗೆ ನೀರು ಕೊಡಬಹುದು.

3. ವಾರದ ಲೆಕ್ಕ ಹಿಡಿದು ನೀರು ಕಟ್ಟಕೂಡದು. ಒಂದು ಗೇಣು ಆಳದ ಮಣ್ಣನ್ನು ಮುಷ್ಟಿಯಲ್ಲಿ ಹಿಡಿದು ನೋಡಿರಿ. ಉಂಡೆ ಗಟ್ಟಿಯಾಗಿ ನಿಂತರೆ ಇನ್ನೂ ಕಾಯಬಹುದು. ಪುಡಿಯಾದರೆ ನೀರು ಕೊಡತಕ್ಕದ್ದು.

4. ಮಣ್ಣಿನ ಕಾಲುವೆಯಲ್ಲಿ ಇಂಗಿಹೋಗುವ ನೀರೇ ಜವಳಿಗೆ ಬೀಜ. ಕಾಲುವೆಗೆ ಕಲ್ಲು ಕಟ್ಟಿಸಿರಿ, ಇಲ್ಲವೆ ಕೊಳವೆ ಹಾಕಿರಿ.

5. ಕೂಡ್ಲಿಗಿ, ಕೊಟ್ಟೂರು ಕಡೆಯ ಮಸಾರಿಯಲ್ಲಿ ಕೊಳವೆಬಾವಿಯ ನೀರಿಗೆ ಹನಿ ನೀರಾವರಿ ಉತ್ತಮ. ಆದರೆ ಒಂದು ಮಾತು ನೆನಪಿರಲಿ: ಒದ್ದೆಯಾದ ಮಣ್ಣಿನ ಅಂಚಿನಲ್ಲಿ ಉಪ್ಪು ಕೂಡಿರುತ್ತದೆ, ತುಂತುರು ಮಳೆ ಬಂದರೆ ಅದು ಬೇರಿನ ಬಳಿಗೆ ಇಳಿಯುತ್ತದೆ. ಆಗ ಹನಿಯನ್ನು ನಿಲ್ಲಿಸದೆ ಸ್ವಲ್ಪ ಹೊತ್ತು ಬಿಡತಕ್ಕದ್ದು.

6. ಬಸಿದ ನೀರನ್ನು ನೇರವಾಗಿ ಹಳ್ಳಕ್ಕೆ ಬಿಡದೆ ಹೊಂಡದಲ್ಲಿ ಹಿಡಿಯಿರಿ. ಪರೀಕ್ಷಿಸಿ, ಒಳ್ಳೆಯ ನೀರಿನೊಡನೆ ಬೆರೆಸಿ, ಉಪ್ಪನ್ನು ತಾಳುವ ಹತ್ತಿಗೆ ಕೊಡಬಹುದು, ಈರುಳ್ಳಿಗೆ ಕೊಡಕೂಡದು.

ಬೇರಿನ ಬಳಿಯ ಉಪ್ಪನ್ನು ಒಮ್ಮೊಮ್ಮೆ ತೊಳೆಯಲೇಬೇಕಾಗುವುದು, ನಿಜ. ಅದನ್ನು ಮುಂಗಾರಿನ ಮಳೆಯಲ್ಲಿ ಮಾಡುವುದು ಲೇಸು. ಆಗ ಹೊಳೆಯೂ ತುಂಬಿರುತ್ತದೆ, ಕೆಳಗಿನವರಿಗೆ ಬಾಧೆ ಕಡಮೆ.

ಇವು ಯಾವುವೂ ಒಬ್ಬನಿಂದ ಪೂರ್ತಿಯಾಗುವ ಕೆಲಸಗಳಲ್ಲ. ಮೇಲಿನ ಹೊಲದವನು ನೀರು ಹೆಚ್ಚು ಕಟ್ಟಿದರೆ ಕೆಳಗಿನ ಹೊಲ ಸವಳಾಗುತ್ತದೆ. ಹಿಂದೆ ಕೆರೆಯ ನೀರುಗಂಟಿಯ ಮಾತಿಗೆ ಊರೆಲ್ಲ ತಲೆಬಾಗುತ್ತಿತ್ತು. ಅಂತಹ ಕಟ್ಟುಪಾಡನ್ನು ನೀರು ಬಳಕೆದಾರರ ಸಂಘಗಳಲ್ಲಿ ಮತ್ತೆ ನೆಲೆಗೊಳಿಸಬೇಕು. ಸವಳಾದ ನೆಲವನ್ನು ತಿದ್ದಲು ವರ್ಷಗಳೇ ಹಿಡಿಯುವುವು. ಸವಳಾಗದಂತೆ ಕಾಯಲು ಒಂದು ಮುಷ್ಟಿ ಮಣ್ಣನ್ನು ಹಿಡಿದು ನೋಡುವ ತಾಳ್ಮೆಯಿಂದ ಮೊದಲು ಮಾಡಬಹುದು.